ತಿದ್ದಿದ್ದೋ, ತಿರುಚಿದ್ದೋ?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ 14 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುವ ಗೆಳೆಯರು ಮುಸ್ಲಿಮರು, ನಾನು ಕ್ರೈಸ್ತ. ಒಂದು ದಿನ ಅವರು, “ಅಣ್ಣಾ, ಇಂಜೀಲ್ ಮೇಲೆ ನಮಗೂ ಈಮಾನ್ ಇದೆ. ಆದ್ರೆ ನಿಮ್ಮ ಕೈಲಿರೋದು ಆ ಇಂಜೀಲ್ ಅಲ್ಲ, ಅದನ್ನ ಬದಲಾಯಿಸಿಬಿಟ್ಟಿದ್ದಾರೆ” ಎಂದರು. ಮುಂದಿನ ವಾರ ಅವರೇ ಮೊಬೈಲಿನಲ್ಲಿ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವನ್ನು ತೆಗೆದು, “ನಮ್ಮ ಪ್ರವಾದಿ ಬರೋ ವಿಷಯ ನಿಮ್ಮ ಬೈಬಲ್‌ನಲ್ಲೇ ಇದೆ ನೋಡಿ” ಎಂದರು. ಬದಲಾಯಿಸಿದ ಪುಸ್ತಕವೇ ಸಾಕ್ಷಿಯೂ ಆಗುವುದು ಹೇಗೆ? ಜಗಳಕ್ಕೆಂದು ಕೇಳುತ್ತಿಲ್ಲ. ಇಸ್ಲಾಮು ನಿಜವಾಗಿ ಏನು ಹೇಳುತ್ತದೆ ಎಂಬುದು ತಿಳಿಯಬೇಕಿದೆ.
— ಓದುಗರು, ಲಿಂಗರಾಜಪುರ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯರು ಆಡಿದ ಎರಡು ಮಾತುಗಳೂ ಅವರ ಸ್ವಂತದ್ದಲ್ಲ. ಎರಡಕ್ಕೂ ಇಸ್ಲಾಮಿನ ವಿದ್ವತ್ ಪರಂಪರೆಯಲ್ಲಿ ಬೇರುಗಳಿವೆ. ಆದರೆ ಆ ಪರಂಪರೆಯಲ್ಲಿ ಶತಮಾನಗಟ್ಟಲೆ ವಾದಕ್ಕೆ ಒಳಗಾದ ವಿಷಯ ಊಟದ ಬಿಡುವಿನ ಹೊತ್ತಿಗೆ “ಬದಲಾಯಿಸಿಬಿಟ್ಟಿದ್ದಾರೆ” ಎಂಬ ಒಂದೇ ಮಾತಿಗೆ ಕುಗ್ಗಿದೆ. ನಿಮಗೆ ಕಂಡ ವಿರೋಧ ಹುಟ್ಟಿರುವುದು ಆ ಕುಗ್ಗುವಿಕೆಯಲ್ಲಿ.

ಮೊದಲು ಕುರ್‌ಆನ್ ಏನೆನ್ನುತ್ತದೆ ನೋಡೋಣ. ಮೂಸಾರಿಗೆ ಅಂದರೆ ಮೋಶೆಗೆ ತೌರಾತ್, ದಾವೂದರಿಗೆ ಝಬೂರ್, ಈಸಾರಿಗೆ ಅಂದರೆ ಯೇಸುವಿಗೆ ಇಂಜೀಲ್ ಅಲ್ಲಾಹನಿಂದಲೇ ಬಂದವು ಎಂದು ಅದು ಮತ್ತೆ ಮತ್ತೆ ಹೇಳುತ್ತದೆ. ಹಿಂದಿನ ಗ್ರಂಥಗಳಲ್ಲಿ ನಂಬಿಕೆ ಇಡುವುದು ಮುಸ್ಲಿಮನೊಬ್ಬನ ಈಮಾನಿನ ಅಂಗ. ಬೇಕಿದ್ದರೆ ನಂಬು, ಬೇಡವಾದರೆ ಬಿಡು ಎಂಬ ವಿಷಯವಲ್ಲ. ಐದನೆಯ ಅಧ್ಯಾಯವಾದ ಅಲ್-ಮಾಇದದ 44 ಮತ್ತು 46ನೆಯ ವಚನಗಳು ತೌರಾತ್‌ನಲ್ಲಿಯೂ ಇಂಜೀಲ್‌ನಲ್ಲಿಯೂ ಮಾರ್ಗದರ್ಶನ ಮತ್ತು ಬೆಳಕು ಇವೆ ಎನ್ನುತ್ತವೆ. ಅದೇ ಅಧ್ಯಾಯದ 43ನೆಯ ವಚನ ಮದೀನಾದ ಯಹೂದಿಗಳ ಕುರಿತು, ಅಲ್ಲಾಹನ ತೀರ್ಪು ಇರುವ ತೌರಾತ್ ಇವರ ಬಳಿಯೇ ಇರುವಾಗ ಇವರು ನಿನ್ನನ್ನು ತೀರ್ಪುಗಾರನನ್ನಾಗಿ ಮಾಡಿಕೊಳ್ಳುವುದಾದರೂ ಹೇಗೆ ಎಂದು ಪ್ರವಾದಿಯನ್ನು ಕೇಳುತ್ತದೆ. 47ನೆಯದು, ಇಂಜೀಲಿನವರು ಅದರಲ್ಲಿ ಅಲ್ಲಾಹನು ಇಳಿಸಿದ್ದರ ಪ್ರಕಾರ ತೀರ್ಪು ಕೊಡಲಿ ಎನ್ನುತ್ತದೆ. 48ನೆಯದು ಕುರ್‌ಆನನ್ನು ಹಿಂದಿನ ಗ್ರಂಥಗಳನ್ನು ದೃಢಪಡಿಸುವಂಥದ್ದು ಮತ್ತು ಅವುಗಳ ಮೇಲೆ ‘ಮುಹೈಮಿನ್’ ಆಗಿರುವಂಥದ್ದು ಎಂದು ಕರೆಯುತ್ತದೆ. ಮುಹೈಮಿನ್ ಎಂದರೆ ಕಾವಲಿನವನು, ಮೇಲ್ವಿಚಾರಕ. ದೃಢಪಡಿಸುವವನೂ ತಪಾಸಣೆ ಮಾಡುವವನೂ ಒಬ್ಬನೇ ಆಗಿರುವ ಈ ಸ್ಥಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಚರ್ಚೆಯ ಅರ್ಧ ದಾರಿ ಸುಗಮವಾಗುತ್ತದೆ.

ಇನ್ನೊಂದು ಕಡೆ ಆರೋಪವೂ ಅಷ್ಟೇ ಸ್ಪಷ್ಟವಾಗಿದೆ. ಎರಡನೆಯ ಅಧ್ಯಾಯದ 75ನೆಯ ವಚನ, ಯಹೂದಿಗಳಲ್ಲೊಂದು ಗುಂಪು ಅಲ್ಲಾಹನ ಮಾತನ್ನು ಕೇಳಿ, ಅರ್ಥ ಮಾಡಿಕೊಂಡು, ಆ ಮೇಲೆ ತಿಳಿದೂ ತಿಳಿದೂ ಅದನ್ನು ಓರೆ ಮಾಡುತ್ತಿತ್ತು ಎನ್ನುತ್ತದೆ. ನಾಲ್ಕು ವಚನಗಳ ನಂತರ, ತಮ್ಮ ಕೈಯಾರೆ ಬರೆದು, ಅಲ್ಪ ಬೆಲೆಗಾಗಿ ಇದು ಅಲ್ಲಾಹನಿಂದ ಬಂದದ್ದು ಎನ್ನುವವರಿಗೆ ಕೇಡು ಕಾದಿದೆ ಎಂಬ ಕಟುವಾದ ಎಚ್ಚರಿಕೆ ಬರುತ್ತದೆ. ಮೂರನೆಯ ಅಧ್ಯಾಯದ 78ನೆಯ ವಚನದಲ್ಲಿ ದೂರು ಬೇರೆ: ಗ್ರಂಥ ಓದುವಾಗ ಅವರು ನಾಲಿಗೆ ಹೊರಳಿಸುತ್ತಾರೆ, ಗ್ರಂಥದಲ್ಲಿ ಇಲ್ಲದ್ದು ಗ್ರಂಥದಲ್ಲೇ ಇದೆ ಎಂದು ನೀವು ಭಾವಿಸಲಿ ಎಂದು. ನಾಲ್ಕನೆಯ ಅಧ್ಯಾಯದ 46ನೆಯ ವಚನ ಮಾತುಗಳನ್ನು ಅವುಗಳ ಜಾಗದಿಂದ ಸರಿಸುವವರ ಬಗ್ಗೆ ಹೇಳುತ್ತದೆ. ಅಲ್ಲಿಯೂ ಮುಂದಿನ ಸಾಲಿನಲ್ಲಿ ಬರುವುದು ನಾಲಿಗೆಯೇ.

ಒಂದು ಕಡೆ ಕೈ, ಇನ್ನೆರಡು ಕಡೆ ನಾಲಿಗೆ. ವಿದ್ವಾಂಸರ ನಡುವಿನ ಭಿನ್ನಾಭಿಪ್ರಾಯಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಒಂದು ಪದ. ಈ ಆರೋಪಕ್ಕೆ ಅರಬ್ಬಿಯಲ್ಲಿ ‘ತಹ್‌ರೀಫ್’ ಎಂದು ಹೆಸರು. ಅದರ ಮೂಲ ‘ಹರ್ಫ್’. ಶಿವಾಜಿನಗರದ ಮದರಸಾದಲ್ಲಿ ಅಲಿಫ್ ಬೇ ಕಲಿಯುವ ಮಗುವಿಗೂ ಹರ್ಫ್ ಎಂದರೆ ಅಕ್ಷರ ಎಂದು ಗೊತ್ತು. ಹಾಗಾಗಿ ತಹ್‌ರೀಫ್ ಎಂದೊಡನೆ ಯಾರೋ ಅಕ್ಷರ ಅಳಿಸಿ ಬೇರೆ ಬರೆದ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ಆದರೆ ಹರ್ಫ್ ಎಂಬುದಕ್ಕೆ ಅಂಚು, ಬದಿ ಎಂಬ ಅರ್ಥಗಳಿವೆ. ಕ್ರಿಯಾಪದದ ಭಾವ ಇದ್ದ ನೇರದಿಂದ ಬದಿಗೆ ವಾಲಿಸುವುದು. ಕನ್ನಡದಲ್ಲಿ ಈ ಎರಡನ್ನು ಬೇರ್ಪಡಿಸಲು ನಮಗೆ ಎರಡು ಒಳ್ಳೆಯ ಪದಗಳಿವೆ. ಪಹಣಿಯಲ್ಲಿ ಹೆಸರು ತಿದ್ದಿದ್ದಾರೆ ಎಂದರೆ ಕಾಗದದ ಮೇಲಿನ ಅಕ್ಷರವೇ ಬೇರೆಯಾಗಿದೆ ಎಂದರ್ಥ. ನನ್ನ ಹೇಳಿಕೆಯನ್ನು ತಿರುಚಿದ್ದಾರೆ ಎಂದು ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಸಚಿವರೊಬ್ಬರು ಗುಡುಗಿದರೆ, ಧ್ವನಿಮುದ್ರಣವನ್ನು ಯಾರೋ ಬದಲಿಸಿದ್ದಾರೆ ಎಂದು ನಾವು ತಿಳಿಯುವುದಿಲ್ಲ. ಆಡಿದ್ದು ಅದೇ ಮಾತು, ಹಚ್ಚಿದ ಅರ್ಥ ಬೇರೆ ಎಂದು ತಿಳಿಯುತ್ತೇವೆ. ಹಿಂದಿನ ಗ್ರಂಥಗಳನ್ನು ತಿದ್ದಿದ್ದೋ, ತಿರುಚಿದ್ದೋ? ಮುಸ್ಲಿಂ ವಿದ್ವಾಂಸರು ಮೊದಲನೆಯದನ್ನು ‘ಲಫ್ಝ್‌’ನ, ಅಂದರೆ ಪದದ ತಹ್‌ರೀಫ್ ಎಂದೂ ಎರಡನೆಯದನ್ನು ‘ಮಾನಾ’ದ, ಅಂದರೆ ಅರ್ಥದ ತಹ್‌ರೀಫ್ ಎಂದೂ ಕರೆದು ವಾದಿಸಿದ್ದು ಇದನ್ನೇ.

ಈ ಪ್ರಶ್ನೆಯನ್ನು ಒಂದು ಘಟನೆಯ ಮೂಲಕ ನೋಡುವುದು ನನಗೆ ಇಷ್ಟ. ಹದೀಸ್, ಅಂದರೆ ಪ್ರವಾದಿಯ ನಡೆನುಡಿಗಳ ವರದಿಗಳ ಸಂಗ್ರಹಗಳಲ್ಲಿ ಸುನ್ನಿ ಮುಸ್ಲಿಮರು ಅತ್ಯಂತ ಪ್ರಾಮಾಣಿಕವೆಂದು ಎಣಿಸುವ ಬುಖಾರಿಯಲ್ಲಿ ಅದು ಬರುತ್ತದೆ. ಮದೀನಾದ ಕೆಲವು ಯಹೂದಿಗಳು ವ್ಯಭಿಚಾರದ ಪ್ರಕರಣವೊಂದನ್ನು ಪ್ರವಾದಿ ಮುಹಮ್ಮದರ ಬಳಿಗೆ ತಂದರು. ತೌರಾತ್‌ನಲ್ಲಿ ಇದಕ್ಕೆ ಏನಿದೆ ಎಂದು ಪ್ರವಾದಿ ಕೇಳಿದರು. ಅವಮಾನಪಡಿಸಿ ಹೊಡೆಯುತ್ತೇವೆ ಎಂಬ ಉತ್ತರ ಬಂತು. ಯಹೂದಿ ಧರ್ಮದಿಂದ ಬಂದು ಮುಸ್ಲಿಮರಾಗಿದ್ದ ಅಬ್ದುಲ್ಲಾ ಇಬ್ನ್ ಸಲಾಮ್, ಇದು ಸುಳ್ಳು, ಅದರಲ್ಲಿ ಕಲ್ಲೆಸೆಯುವ ಶಿಕ್ಷೆ ಇದೆ ಎಂದರು. ತೌರಾತನ್ನು ತಂದು ಬಿಚ್ಚಿದರು. ಓದುತ್ತಿದ್ದವನು ಕಲ್ಲೆಸೆತದ ವಚನದ ಮೇಲೆ ಅಂಗೈಯನ್ನು ಇಟ್ಟು, ಅದರ ಹಿಂದಿನದನ್ನೂ ಮುಂದಿನದನ್ನೂ ಓದಿದ. ಕೈ ಎತ್ತು ಎಂದರು ಇಬ್ನ್ ಸಲಾಮ್. ಎತ್ತಿದಾಗ ವಚನ ಅಲ್ಲೇ ಇತ್ತು.

ಈ ಉತ್ತರ ಬರೆಯುವಾಗ ನನ್ನ ಮೇಜಿನ ಮೇಲಿದ್ದ ಕನ್ನಡ ಬೈಬಲಿನಲ್ಲಿ, ತೌರಾತಿನ ಭಾಗವೇ ಆದ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆಗೆದೆ. 22ರಿಂದ 24ನೆಯ ವಚನಗಳವರೆಗೆ ಆ ನಿಯಮ ಇವತ್ತಿಗೂ ಇದೆ. ಮರಣದಂಡನೆಯೂ ಇದೆ, ಕಲ್ಲೆಸೆಯುವ ಮಾತೂ ಇದೆ. ಅಂದು ಅಂಗೈ ಮುಚ್ಚಿದ ಸಾಲನ್ನು ಯಾರೂ ಕಿತ್ತುಹಾಕಲಿಲ್ಲ. ಈ ಒಂದು ಪ್ರಸಂಗದ ಮಟ್ಟಿಗೆ ಆರೋಪ ಇರುವುದು ಅಕ್ಷರದ ಮೇಲಲ್ಲ, ಅಂಗೈಯ ಮೇಲೆ. ಎಲ್ಲ ಪ್ರಸಂಗಗಳೂ ಹೀಗೆಯೇ ಎಂದು ಇದರಿಂದ ಸಾಧಿಸಲು ಬರುವುದಿಲ್ಲ, ಆದರೆ ಕುರ್‌ಆನಿನ ದೂರನ್ನು ಕೇಳಿದ ಮೊದಲ ತಲೆಮಾರಿನವರಿಗೆ ಯಾವ ಬಗೆಯ ದೃಶ್ಯ ಮನಸ್ಸಿನಲ್ಲಿತ್ತು ಎಂಬುದಕ್ಕೆ ಇದು ಒಂದು ಕಿಂಡಿ.

ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ಎರಡೂ ಅಭಿಪ್ರಾಯಗಳು ಬುಖಾರಿಯೊಳಗೇ ಇವೆ. ಪ್ರವಾದಿಯ ಚಿಕ್ಕಪ್ಪನ ಮಗನಾದ ಇಬ್ನ್ ಅಬ್ಬಾಸರು ಮುಸ್ಲಿಮರನ್ನು ಗದರಿಸುವ ಒಂದು ಮಾತು ಅಲ್ಲಿದೆ: ಎಲ್ಲಕ್ಕಿಂತ ಈಚಿನ, ಬೆರಕೆಯಿಲ್ಲದ ಗ್ರಂಥ ನಿಮ್ಮ ಬಳಿ ಇರುವಾಗ ಗ್ರಂಥದವರನ್ನು (ಯಹೂದಿಗಳನ್ನು, ಕ್ರೈಸ್ತರನ್ನು) ಏನು ಕೇಳಲು ಹೋಗುತ್ತೀರಿ, ಅವರು ಅಲ್ಲಾಹನ ಗ್ರಂಥವನ್ನು ಬದಲಿಸಿದರೆಂದೂ ತಮ್ಮ ಕೈಯಿಂದ ಬರೆದರೆಂದೂ ಅವನೇ ನಿಮಗೆ ಹೇಳಿಲ್ಲವೇ ಎಂದು. ಅದೇ ಸಂಗ್ರಹದ ಕೊನೆಯ ಭಾಗದ ಒಂದು ಶೀರ್ಷಿಕೆಯಡಿ, ಅಲ್ಲಾಹನ ಗ್ರಂಥಗಳಲ್ಲಿ ಒಂದರ ಪದವನ್ನು ಯಾರೂ ತೆಗೆದುಹಾಕಲಾರರು, ಅವರು ಮಾಡುವುದು ಅದಕ್ಕೆ ಸಲ್ಲದ ಅರ್ಥ ಹೇಳುವುದನ್ನು ಎಂಬ ವಿವರಣೆ ಇದೆ. 870ರಲ್ಲಿ ತೀರಿಕೊಂಡ ಸಂಗ್ರಾಹಕರು ಎರಡನ್ನೂ ಇಟ್ಟುಹೋದರು. ನಂತರದವರು ಒಂದೊಂದನ್ನು ಹಿಡಿದು ಹೊರಟರು.

ತಿದ್ದಿದ್ದಾರೆ ಎಂಬ ಪಕ್ಷದಲ್ಲಿ ಅತ್ಯಂತ ಖಾರವಾಗಿ ಬರೆದವರು ಸ್ಪೇನಿನ ಕೊರ್ದೊಬದ ಇಬ್ನ್ ಹಝ್ಮ್ (994–1064). ಅವರು ತೌರಾತನ್ನು ಕೈಯಲ್ಲಿ ಹಿಡಿದು, ಲೆಕ್ಕಪರಿಶೋಧಕನ ಕಣ್ಣಿನಿಂದ ಓದಿದರು: ವಯಸ್ಸಿನ ಲೆಕ್ಕ ಕೂಡುವುದಿಲ್ಲ, ವಂಶಾವಳಿಯ ಸಂಖ್ಯೆ ಹೊಂದುವುದಿಲ್ಲ, ಪ್ರವಾದಿಗಳ ಬಗ್ಗೆ ಹೇಳಬಾರದ್ದನ್ನು ಹೇಳಿದೆ, ಇದು ಅಲ್ಲಾಹನ ಮಾತಾಗಲಾರದು ಎಂದು. ತೌರಾತ್ ದೇವಾಲಯದ ಪುರೋಹಿತರ ಕೈಯಲ್ಲಿ ಮಾತ್ರ ಇದ್ದ ಗ್ರಂಥವಾದ್ದರಿಂದ ಅದು ಕೆಡುವುದು ಸುಲಭವಾಗಿತ್ತು ಎಂಬುದು ಅವರ ಇನ್ನೊಂದು ವಾದ.

ಎದುರು ಪಕ್ಷದವರಿಗೆ ಈ ಕೊನೆಯ ವಾದವೇ ಒಪ್ಪಿಗೆಯಾಗಲಿಲ್ಲ. ಕುರ್‌ಆನಿನ ಮಹಾಭಾಷ್ಯ ಬರೆದ ಫಖ್ರುದ್ದೀನ್ ರಾಝಿ (1209ರಲ್ಲಿ ನಿಧನ), ಪೂರ್ವದಿಂದ ಪಶ್ಚಿಮದವರೆಗೆ ಹರಡಿ ಎಷ್ಟೋ ಜನರ ಕೈಯಲ್ಲಿರುವ ಗ್ರಂಥದ ಪದಗಳನ್ನು ಎಲ್ಲರೂ ಸೇರಿ ಬದಲಿಸುವುದು ಕಷ್ಟ ಎಂಬ ಕಾರಣಕ್ಕೆ ಅರ್ಥದ ತಹ್‌ರೀಫಿನತ್ತ ಒಲಿದರು. ಚರಿತ್ರೆಯ ತತ್ತ್ವವನ್ನು ಬರೆದ ಇಬ್ನ್ ಖಲ್ದೂನ್ (1332–1406) ಮನುಷ್ಯಸ್ವಭಾವದ ಕಡೆಯಿಂದ ಅದನ್ನೇ ಹೇಳಿದರು: ಧರ್ಮವನ್ನು ನಂಬಿದ ಸಮುದಾಯ ತನ್ನ ಪವಿತ್ರ ಗ್ರಂಥಕ್ಕೆ ಹಾಗೆ ಮಾಡುವುದು ಲೋಕರೂಢಿಗೆ ಒಗ್ಗದ ಮಾತು. ನಡುವಿನ ದಾರಿ ಹಿಡಿದವರು ದಮಾಸ್ಕಸ್ಸಿನ ಇಬ್ನ್ ತೈಮಿಯಾ (1263–1328). ಕೆಲವು ಪದಗಳು ಬದಲಾಗಿರುವುದು ಉಂಟು, ಬಹುಪಾಲು ಕೆಟ್ಟಿರುವುದು ಅರ್ಥ ಎಂಬುದು ಅವರ ನಿಲುವು. ಇವರು ಯಾರೂ ಬೈಬಲಿನ ಪರವಾಗಿ ವಕಾಲತ್ತು ವಹಿಸಲು ಬಂದವರಲ್ಲ ಎಂಬುದನ್ನು ಮರೆಯಬಾರದು. ಇಬ್ನ್ ತೈಮಿಯಾ ಕ್ರೈಸ್ತ ಸಿದ್ಧಾಂತದ ವಿರುದ್ಧವೇ ಹಲವು ಸಂಪುಟ ಬರೆದವರು.

ನಮ್ಮ ದೇಶದಲ್ಲಿ ಈ ಚರ್ಚೆ ಬಿಸಿಯೇರಿದ್ದು 19ನೆಯ ಶತಮಾನದಲ್ಲಿ. 1854ರ ಏಪ್ರಿಲಿನಲ್ಲಿ ಎರಡು ದಿನ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನವಿ ಮತ್ತು ಜರ್ಮನ್ ಮಿಶನರಿ ಕಾರ್ಲ್ ಫಾಂಡರ್ ನಡುವೆ ಸಾರ್ವಜನಿಕ ವಾದ ನಡೆಯಿತು. ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ, ಕನ್ನಡಕ್ಕೆ ಕಿಟ್ಟೆಲರನ್ನು ಕೊಟ್ಟ ಬಾಸೆಲ್ ಸಂಸ್ಥೆಯಲ್ಲೇ ಫಾಂಡರ್ ಕೂಡ ತರಬೇತಾದವರು. ಅವರು ಊಹಿಸಿರದ ಒಂದು ಸಂಗತಿ ಅಲ್ಲಿ ನಡೆಯಿತು: ಕೈರಾನವಿ ಮತ್ತು ಅವರಿಗೆ ನೆರವಾದ ವೈದ್ಯ ವಝೀರ್ ಖಾನ್, ಹಳೆಯ ಮುಸ್ಲಿಂ ಗ್ರಂಥಗಳ ಬದಲಿಗೆ ಯುರೋಪಿನ ಬೈಬಲ್ ವಿಮರ್ಶಕರ ಬರಹಗಳನ್ನೇ ಮುಂದಿಟ್ಟರು. ಪ್ರತಿಗಳಲ್ಲಿ ಪಾಠಭೇದಗಳಿವೆ ಎಂದು ಫಾಂಡರ್ ಒಪ್ಪಬೇಕಾಯಿತು. ಮೂಲ ಉಪದೇಶಕ್ಕೆ ಅದರಿಂದ ಧಕ್ಕೆಯಿಲ್ಲ ಎಂದು ಅವರು ವಾದಿಸಿದರು. ಕೈರಾನವಿ 1857ರ ನಂತರ ಮಕ್ಕಾ ಸೇರಿದರು. 1864ರಲ್ಲಿ ಪ್ರಕಟವಾದ ಅವರ ಅರಬ್ಬಿ ಗ್ರಂಥದ ವಾದಗಳೇ ಇಂದಿನ ಬಹುತೇಕ ವೇದಿಕೆ ಭಾಷಣಗಳ ಬಂಡವಾಳ. ಅದೇ ಕಾಲದಲ್ಲಿ, 1862ರಲ್ಲಿ, ಸರ್ ಸಯ್ಯದ್ ಅಹ್ಮದ್ ಖಾನ್ ಬೈಬಲಿಗೆ ವ್ಯಾಖ್ಯಾನ ಬರೆಯಲು ಕುಳಿತು, ಕುರ್‌ಆನ್ ಆರೋಪಿಸುವ ತಹ್‌ರೀಫ್ ಮುಖ್ಯವಾಗಿ ಅರ್ಥದ್ದು ಎಂಬ ಪಕ್ಷವನ್ನು ಹಿಡಿದರು. ನಿಮ್ಮ ಗೆಳೆಯರ ಕಿವಿಗೆ ಬಿದ್ದಿರುವುದು ಇವರಲ್ಲಿ ಮೊದಲನೆಯವರ ದನಿ. ಎರಡನೆಯವರದ್ದೂ ಇದೇ ಮನೆಯ ದನಿ.

ಇಷ್ಟಾದ ಮೇಲೂ ಒಂದು ಗಂಟು ಉಳಿಯುತ್ತದೆ. ಕುರ್‌ಆನ್ ಹೇಳುವ ಇಂಜೀಲ್ ಈಸಾರಿಗೆ ಕೊಡಲಾದ ಒಂದು ಗ್ರಂಥ. ನಿಮ್ಮ ಹೊಸ ಒಡಂಬಡಿಕೆಯಲ್ಲಿ ಇರುವುದು ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನಲ್ಲಿ ಯೇಸುವಿನ ಜೀವನವನ್ನೂ ಮಾತನ್ನೂ ಹೇಳುವ ನಾಲ್ಕು ಸುವಾರ್ತೆಗಳು, ಜೊತೆಗೆ ಪೌಲನ ಮತ್ತು ಇತರರ ಪತ್ರಗಳು. ಯೇಸುವಿಗೆ ಒಂದು ಪುಸ್ತಕ ಇಳಿಯಿತೆಂದು ಕ್ರೈಸ್ತರು ಹೇಳುವುದೇ ಇಲ್ಲ. ಅವರ ಪಾಲಿಗೆ ಅವತರಿಸಿದ ವಾಕ್ಯ ಯೇಸುವೇ. ಹಾಗಾಗಿ “ನಿಮ್ಮ ಕೈಲಿರೋದು ಆ ಇಂಜೀಲ್ ಅಲ್ಲ” ಎಂದು ಮುಸ್ಲಿಮರು ಹೇಳುವಾಗ ಅದರಲ್ಲಿ ಎರಡು ಬೇರೆ ಬೇರೆ ಮಾತು ಬೆರೆತಿರುತ್ತದೆ: ಇದೊಂದು ಬೇರೆ ಬಗೆಯ ಪುಸ್ತಕ ಎಂಬುದು ಒಂದು, ಇದನ್ನು ಬದಲಾಯಿಸಲಾಗಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ನೀವೂ ಒಪ್ಪಬಹುದು. ಎರಡನೆಯದು ಬೇರೆ ಪುರಾವೆ ಕೇಳುತ್ತದೆ.

ಇನ್ನು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ. ಅವರ ಸಹೋದರರ ನಡುವಿನಿಂದ ನಿನ್ನಂಥ ಪ್ರವಾದಿಯನ್ನು ಎಬ್ಬಿಸುವೆನು ಎಂದು ದೇವರು ಮೋಶೆಗೆ ಹೇಳುವ 18ನೆಯ ವಚನ ಮುಹಮ್ಮದರನ್ನೇ ಕುರಿತದ್ದೆಂದು ಮುಸ್ಲಿಮರು ಬಹಳ ಹಿಂದಿನಿಂದ ಓದಿದ್ದಾರೆ. ಯೇಸುವನ್ನು ಕುರಿತದ್ದೆಂದು ಕ್ರೈಸ್ತರ ಅಪೊಸ್ತಲರ ಕೃತ್ಯಗಳ ಮೂರನೆಯ ಅಧ್ಯಾಯವೇ ಹೇಳುತ್ತದೆ. ತಿರುಚಿದ್ದಾರೆ ಎಂಬ ಪಕ್ಷದವರಿಗೆ ಇಲ್ಲಿ ತೊಂದರೆಯೇ ಇಲ್ಲ: ಅಕ್ಷರ ಉಳಿದಿದೆ, ಜಗಳ ಅರ್ಥದ್ದು. ತಿದ್ದಿದ್ದಾರೆ ಎಂಬ ಪಕ್ಷದವರಿಗೆ ಮಾತ್ರ ಈ ವಚನ ತಿದ್ದುಪಡಿಯಿಂದ ಹೇಗೆ ಪಾರಾಯಿತು ಎಂದು ಹೇಳುವ ಹೊಣೆ ಇದೆ. ಅಲ್ಲಾಹನು ಸಾಕ್ಷಿಗಾಗಿ ಕೆಲವನ್ನು ಕಾಪಾಡಿದ ಎಂಬುದು ಅವರ ಉತ್ತರ. ನಂಬಿಕೆಯೊಳಗೆ ಅದು ಸಲ್ಲುವ ಉತ್ತರವೇ. ಆದರೆ ನಂಬಿಕೆಯ ಹೊರಗೆ ನಿಂತ ನಿಮ್ಮ ಎದುರು ಅದನ್ನು ಪುರಾವೆಯಾಗಿ ಇಟ್ಟರೆ, ತಕ್ಕಡಿ ಹಿಡಿದವರೇ ತೂಕದ ಕಲ್ಲನ್ನೂ ಆರಿಸಿಕೊಂಡಂತೆ ಕಾಣುತ್ತದೆ ಎಂದು ನೀವು ಅವರಿಗೆ ಹೇಳಿದರೆ ತಪ್ಪಿಲ್ಲ. ಮುಂದಿನ ಬಾರಿ ಡಬ್ಬಿ ಬಿಚ್ಚಿದಾಗ, ಅವರು ಹೇಳುತ್ತಿರುವುದು ಲಫ್ಝಿನ ತಹ್‌ರೀಫೋ ಮಾನಾದ ತಹ್‌ರೀಫೋ ಎಂದು ಕೇಳಿ. ಅವರಿಗೂ ಆ ಪ್ರಶ್ನೆ ಹೊಸದಾಗಿರಬಹುದು.

ಪ್ರಶ್ನೆ: ಇಸ್ಲಾಮಿಗಿಂತ ಹಳೆಯ ಬೈಬಲ್ ಹಸ್ತಪ್ರತಿಗಳು ಸಿಕ್ಕಿವೆಯಲ್ಲ? ಹಾಗಿದ್ದ ಮೇಲೆ ಬದಲಾಯಿಸಿದ್ದಾರೆ ಎಂಬ ಮಾತು ಬಿದ್ದುಹೋಯಿತಲ್ಲವೇ?
— ನಿವೃತ್ತ ಗ್ರಂಥಪಾಲಕರು, ರಾಜಾಜಿನಗರ, ಬೆಂಗಳೂರು

ಉತ್ತರ: ಒಂದು ಬಗೆಯ ಮಾತು ಬಿದ್ದುಹೋಗುತ್ತದೆ, ಇನ್ನೊಂದು ಬೀಳುವುದಿಲ್ಲ. 1947ರಿಂದ ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಗ್ರಂಥದ ಪೂರ್ಣ ಪ್ರತಿಯೊಂದಿದೆ, ಅದು ಕ್ರಿಸ್ತಪೂರ್ವದ್ದು. ಅದುವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದಾದರೂ, ಸಣ್ಣಪುಟ್ಟ ಪಾಠಭೇದಗಳನ್ನು ಬಿಟ್ಟರೆ ಅವುಗಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಲಂಡನ್ನಿನಲ್ಲಿರುವ ಸೈನಾಯ್ಟಿಕಸ್ ಎಂಬ ಗ್ರೀಕ್ ಪ್ರತಿ ನಾಲ್ಕನೆಯ ಶತಮಾನದ್ದು. ಹೊಸ ಒಡಂಬಡಿಕೆ ಅದರಲ್ಲಿ ಪೂರ್ತಿಯಾಗಿದೆ. ಪ್ರವಾದಿ ಮುಹಮ್ಮದರು ತೀರಿಕೊಂಡದ್ದು 632ರಲ್ಲಿ. ಆದ್ದರಿಂದ ಇಸ್ಲಾಮು ಬಂದ ಮೇಲೆ ಯಹೂದಿಗಳೂ ಕ್ರೈಸ್ತರೂ ಕೂಡಿಕೊಂಡು ಪ್ರವಾದಿಯ ಹೆಸರನ್ನು ಅಳಿಸಿದರು ಎಂಬ ಬೀದಿಮಾತಿಗೆ ಆಧಾರವಿಲ್ಲ. ಮದೀನಾದಲ್ಲಿ ಅಂದು ಬಿಚ್ಚಿದ ತೌರಾತ್ ಇವತ್ತಿನದಕ್ಕಿಂತ ತೀರ ಬೇರೆಯಾಗಿತ್ತು ಎಂದು ಹೇಳಲು ಹಸ್ತಪ್ರತಿಗಳು ಎಡೆಗೊಡುವುದಿಲ್ಲ.

ಆದರೆ ಇಬ್ನ್ ಹಝ್ಮರಂಥವರ ವಾದ ಇದಕ್ಕಿಂತ ಹಿಂದಿನ ಕಾಲದ್ದು. ಮೋಶೆಯಿಂದ ಮೊದಲ ಲಿಖಿತ ಪ್ರತಿಗಳವರೆಗೆ, ಯೇಸುವಿನಿಂದ ಸುವಾರ್ತೆಗಳ ಬರಹದವರೆಗೆ ಏನಾಯಿತು ಎಂಬುದು ಅವರ ಪ್ರಶ್ನೆ. ಅಲ್ಲಿಯವರೆಗೆ ಯಾವ ಹಸ್ತಪ್ರತಿಯೂ ಕೈಚಾಚಲಾರದು. ಅರ್ಥದ ತಹ್‌ರೀಫ್ ಎನ್ನುವವರಿಗಂತೂ ಹಸ್ತಪ್ರತಿಗಳು ಸಿಕ್ಕಿದ್ದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಮಾತು. ಸೈನಾಯ್ಟಿಕಸ್‌ನಲ್ಲಿ ಮಾರ್ಕನ ಸುವಾರ್ತೆ 16ನೆಯ ಅಧ್ಯಾಯದ ಎಂಟನೆಯ ವಚನಕ್ಕೆ ಮುಗಿಯುತ್ತದೆ. ಈಗಿನ ಬೈಬಲುಗಳಲ್ಲಿ 20ರವರೆಗೆ ಇದೆ. ವ್ಯಭಿಚಾರದಲ್ಲಿ ಹಿಡಿದು ತಂದ ಹೆಂಗಸಿನ ಪ್ರಸಂಗ, ಪಾಪವಿಲ್ಲದವನು ಮೊದಲ ಕಲ್ಲೆಸೆಯಲಿ ಎಂದು ಯೇಸು ಹೇಳುವ ಆ ಪ್ರಸಿದ್ಧ ಪ್ರಸಂಗ, ಯೋಹಾನನ ಸುವಾರ್ತೆಯ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಇದನ್ನು ಕಂಡುಹಿಡಿದವರೂ ಬೈಬಲಿನ ಅಡಿಟಿಪ್ಪಣಿಯಲ್ಲಿ ಅಚ್ಚುಹಾಕಿಸಿದವರೂ ಹೆಚ್ಚಾಗಿ ಕ್ರೈಸ್ತ ವಿದ್ವಾಂಸರೇ. ಗ್ರಂಥಾಲಯದಲ್ಲಿ ಬದುಕು ಕಳೆದ ನಿಮಗೆ ನಕಲುಗಾರನ ಕೈ ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ. ಜಾರಿದ ಕೈಗೂ ಬೇಕೆಂದೇ ತಿದ್ದಿದ ಕೈಗೂ ವ್ಯತ್ಯಾಸವಿದೆ, ಕುರ್‌ಆನ್ ದೂರುವುದು ಎರಡನೆಯದನ್ನು.

ಪ್ರಶ್ನೆ: ಬಿ.ಎ. ಓದುತ್ತಿದ್ದೇನೆ. ಧರ್ಮಗಳ ತೌಲನಿಕ ಅಧ್ಯಯನಕ್ಕೆಂದು ಕನ್ನಡ ಬೈಬಲ್ ತಂದೆ. ಅಮ್ಮಿಗೆ ಇಷ್ಟವಾಗಲಿಲ್ಲ. “ಮನ್ಸೂಖ್ ಆದ ಕಿತಾಬು, ಅದನ್ನ ಓದಿ ಏನಾಗ್ಬೇಕು” ಎಂದರು. ಕುರ್‌ಆನ್ ಇರುವ ಕಪಾಟಿನಲ್ಲಿ ಇಡಬೇಡ ಎಂದಿದ್ದರಿಂದ ಈಗ ಅದು ಹೊಲಿಗೆ ಯಂತ್ರದ ಮೇಲಿದೆ. ನಾನು ಓದಬಹುದೇ?
— ವಿದ್ಯಾರ್ಥಿನಿ, ಟ್ಯಾನರಿ ರಸ್ತೆ, ಬೆಂಗಳೂರು

ಉತ್ತರ: ಫತ್ವಾ ಕೊಡುವ ಅಧಿಕಾರ ನನಗಿಲ್ಲ, ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ. ಅವರು ಯಾವ ಮಾತುಗಳನ್ನು ತೂಗಿ ನೋಡಿ ಉತ್ತರಿಸುತ್ತಾರೆ ಎಂಬುದನ್ನು ಮಾತ್ರ ಹೇಳಬಲ್ಲೆ.

ನಿಮ್ಮ ತಾಯಿಯವರ ಆತಂಕಕ್ಕೆ ಆಧಾರವಿದೆ. ಪ್ರವಾದಿಯ ಸಂಗಾತಿ ಉಮರ್ ಅವರು ತೌರಾತ್‌ನಿಂದ ಬರೆದುಕೊಂಡದ್ದನ್ನು ತಂದು ಓದಿದಾಗ ಪ್ರವಾದಿಯವರ ಮುಖ ಬದಲಾಯಿತು, ಮೂಸಾ ಬದುಕಿದ್ದರೆ ಅವರೂ ನನ್ನನ್ನೇ ಅನುಸರಿಸಬೇಕಾಗುತ್ತಿತ್ತು ಎಂದರು ಎಂಬ ವರದಿ ಇದೆ. ಅದರ ಸನದಿನ, ಅಂದರೆ ವರದಿ ಮಾಡಿದವರ ಸರಪಳಿಯ ಬಲದ ಬಗ್ಗೆ ಹದೀಸ್ ತಜ್ಞರಲ್ಲಿ ಭಿನ್ನಾಭಿಪ್ರಾಯ ಉಂಟು. ಮನ್ಸೂಖ್, ಅಂದರೆ ನಂತರದ ಆದೇಶದಿಂದ ರದ್ದಾದದ್ದು ಎಂಬ ಮಾತು ಹಿಂದಿನ ಗ್ರಂಥಗಳ ವಿಧಿನಿಯಮಗಳಿಗೆ ಸಲ್ಲುತ್ತದೆ ಎಂಬುದರಲ್ಲಿ ಮುಸ್ಲಿಂ ವಿದ್ವಾಂಸರಲ್ಲಿ ದೊಡ್ಡ ಜಗಳವಿಲ್ಲ. ಆದರೆ ರದ್ದಾಗುವುದು ಬೇರೆ, ಕೆಡುವುದು ಬೇರೆ. ಹಳೆಯ ಕಾಯಿದೆ ರದ್ದಾದ ಮಾತ್ರಕ್ಕೆ ಅದು ನಕಲಿ ಕಾಯಿದೆ ಆಗುವುದಿಲ್ಲ.

ಇನ್ನೊಂದು ಪಕ್ಕದಲ್ಲಿ ಇಡಬೇಕಾದ ಎರಡು ಹದೀಸ್‌ಗಳು ಬುಖಾರಿಯಲ್ಲಿವೆ. ಮದೀನಾದಲ್ಲಿ ಗ್ರಂಥದವರು ತೌರಾತನ್ನು ಹೀಬ್ರೂವಿನಲ್ಲಿ ಓದಿ ಮುಸ್ಲಿಮರಿಗೆ ಅರಬ್ಬಿಯಲ್ಲಿ ವಿವರಿಸುತ್ತಿದ್ದರಂತೆ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳುತ್ತಲೇ ಬೆಳೆಯುವ ನಮ್ಮ ಊರಿನವರಿಗೆ ಆ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ. ಆಗ ಪ್ರವಾದಿ ಹೇಳಿದ್ದು: ಗ್ರಂಥದವರನ್ನು ನಿಜವೆನ್ನಲೂ ಬೇಡಿ, ಸುಳ್ಳೆನ್ನಲೂ ಬೇಡಿ, ನಮಗೆ ಇಳಿದದ್ದನ್ನೂ ನಿಮಗೆ ಇಳಿದದ್ದನ್ನೂ ನಂಬುತ್ತೇವೆ ಎನ್ನಿ. ಸುಳ್ಳೆನ್ನಬೇಡಿ ಎಂಬ ಎರಡನೆಯ ಅರ್ಧ ಈಚೆಗೆ ಕಡಿಮೆ ಕೇಳಿಸುತ್ತಿದೆ ಎಂಬುದು ನನ್ನ ಅನಿಸಿಕೆ. ಮತ್ತೊಂದು ಹದೀಸ್, ಇಸ್ರಾಈಲರ ಸಂತತಿಯಿಂದ ಕೇಳಿದ್ದನ್ನು ಹೇಳಿ, ಅದರಲ್ಲಿ ದೋಷವಿಲ್ಲ ಎನ್ನುತ್ತದೆ. ಇವನ್ನೆಲ್ಲ ಒಟ್ಟುಮಾಡಿ 14ನೆಯ ಶತಮಾನದ ವ್ಯಾಖ್ಯಾನಕಾರ ಇಬ್ನ್ ಕಸೀರ್, ಅಂಥ ವರದಿಗಳಲ್ಲಿ ನಮ್ಮಲ್ಲಿರುವುದಕ್ಕೆ ಹೊಂದುವುದು ಒಪ್ಪತಕ್ಕದ್ದು, ವಿರುದ್ಧವಾದದ್ದು ಬಿಡತಕ್ಕದ್ದು, ನಮ್ಮಲ್ಲಿ ಮಾತೇ ಇಲ್ಲದ್ದನ್ನು ಹೇಳಬಹುದು ಆದರೆ ಹೌದು ಅಲ್ಲ ಎನ್ನಬಾರದು ಎಂದು ವಿಂಗಡಿಸಿದರು. ಮೂರನೆಯ ಬಗೆಯದರಲ್ಲಿ ಹೆಚ್ಚಿನದು ಧರ್ಮಕ್ಕೆ ಉಪಯೋಗವಿಲ್ಲದ್ದು ಎಂದು, ಗುಹೆಯಲ್ಲಿ ಮಲಗಿದವರ ನಾಯಿಯ ಬಣ್ಣ, ಮೂಸಾರ ಕೋಲು ಯಾವ ಮರದ್ದು ಎಂಬಂಥ ಉದಾಹರಣೆಗಳನ್ನು ಕೊಟ್ಟರು. 15ನೆಯ ಶತಮಾನದ ಕೈರೋದಲ್ಲಿ ಅಲ್-ಬಿಕಾಈ ಎಂಬ ವಿದ್ವಾಂಸರು ತಮ್ಮ ಕುರ್‌ಆನ್ ಭಾಷ್ಯದಲ್ಲಿ ಬೈಬಲಿನಿಂದ ಉದ್ದುದ್ದ ಭಾಗಗಳನ್ನು ಎತ್ತಿಕೊಟ್ಟರು, ಗಲಾಟೆಯಾಯಿತು, ತಮ್ಮ ಸಮರ್ಥನೆಗೆ ಅವರು ಇನ್ನೊಂದು ಪುಸ್ತಕವನ್ನೇ ಬರೆದರು. ನಿಮ್ಮ ಮನೆಯ ಚರ್ಚೆ ಹೊಸದೇನಲ್ಲ.

ಎಲ್ಲಿಂದ ಶುರುಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಝಬೂರಿಗೆ ಸಾಟಿಯೆನ್ನುವ ಬೈಬಲಿನ ಕೀರ್ತನೆಗಳಲ್ಲಿ 37ನ್ನು ತೆಗೆದು, ನೀತಿವಂತರು ಭೂಮಿಗೆ ಬಾಧ್ಯರಾಗುತ್ತಾರೆ ಎಂಬ 29ನೆಯ ವಚನದ ಪಕ್ಕದಲ್ಲಿ ಅಲ್-ಅಂಬಿಯಾ ಅಧ್ಯಾಯದ 105ನೆಯ ವಚನವನ್ನು ಇಡಿ. ನನ್ನ ಸಜ್ಜನ ದಾಸರೇ ಭೂಮಿಯ ವಾರಸುದಾರರಾಗುವರು ಎಂದು ಝಬೂರಿನಲ್ಲಿ ಬರೆದಿದ್ದೇವೆ ಎಂದು ಕುರ್‌ಆನ್ ಅಲ್ಲಿ ಹೆಸರು ಹಿಡಿದೇ ಹೇಳುತ್ತದೆ. ಎರಡನ್ನೂ ಅಮ್ಮಿಗೆ ಓದಿ ತೋರಿಸಿ.

ಇನ್ನು ಹೊಲಿಗೆ ಯಂತ್ರದ ವಿಷಯ. ಅಬೂ ದಾವೂದರ ಸಂಗ್ರಹದಲ್ಲಿ ಒಂದು ವರದಿಯಿದೆ. ಯಹೂದಿಗಳ ಪಾಠಶಾಲೆಗೆ ಹೋದ ಪ್ರವಾದಿಗೆ ಅವರು ಕೂರಲು ದಿಂಬು ಹಾಕಿದರು. ತೌರಾತ್ ತರಲು ಹೇಳಿದ ಅವರು, ಅದು ಬಂದಾಗ ತಾವು ಕುಳಿತಿದ್ದ ದಿಂಬನ್ನು ತೆಗೆದು ಅದರ ಮೇಲೆ ತೌರಾತನ್ನು ಇರಿಸಿ, ನಿನ್ನನ್ನೂ ನಿನ್ನನ್ನು ಇಳಿಸಿದವನನ್ನೂ ನಂಬಿದೆ ಎಂದರು. ಅದೇ ಕಪಾಟು ಬೇಡ ಎನ್ನುವುದು ನಿಮ್ಮ ತಾಯಿಯವರ ಭಾವನೆಯಾದರೆ ಅದನ್ನು ಗೌರವಿಸಿ. ಆದರೆ ಕತ್ತರಿ, ಬಾಬಿನ್ನುಗಳ ನಡುವಿನಿಂದ ಪುಸ್ತಕವನ್ನು ಎತ್ತಿ ಬೇರೊಂದು ಶುಭ್ರವಾದ ಜಾಗಕ್ಕೆ ಇಡಿ.

ಪ್ರಶ್ನೆ: ಚರ್ಚುಗಳು ಬಚ್ಚಿಟ್ಟ ನಿಜವಾದ ಇಂಜೀಲ್ ಎಂದು ಬಾರ್ನಬನ ಸುವಾರ್ತೆಯ ಬಗ್ಗೆ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
— ಓದುಗರು, ಆರ್.ಟಿ. ನಗರ, ಬೆಂಗಳೂರು

ಉತ್ತರ: ಅಲ್ಲ. ವಿಯೆನ್ನಾದ ಗ್ರಂಥಾಲಯದಲ್ಲಿರುವ ಅದರ ಇಟಾಲಿಯನ್ ಪ್ರತಿ 16ನೆಯ ಶತಮಾನದ ಆಸುಪಾಸಿನದು. ಅದಕ್ಕಿಂತ ಹಳೆಯ ಹಸ್ತಪ್ರತಿ ಇಲ್ಲ. ಒಳನಾಡಿನ ಗುಡ್ಡದ ಊರಾದ ನಜರೇತಿಗೆ ಅದರಲ್ಲಿ ಯೇಸು ದೋಣಿಯಲ್ಲಿ ಬರುತ್ತಾರೆ. ನೂರು ವರ್ಷಕ್ಕೊಮ್ಮೆ ಬರುವ ಜೂಬಿಲಿಯ ಮಾತಿದೆ. ಬೈಬಲಿನ ಜೂಬಿಲಿ 50 ವರ್ಷಕ್ಕೊಮ್ಮೆ, ನೂರು ವರ್ಷದ್ದು 1300ರಲ್ಲಿ ಪೋಪರು ಹೊರಡಿಸಿದ ಘೋಷಣೆಯ ನಂತರದ ಕಲ್ಪನೆ. ಮುಸ್ಲಿಮರು ಇದನ್ನು ಹಿಡಿದು ವಾದಿಸುವುದು ಇನ್ನೊಂದು ಕಾರಣಕ್ಕೂ ವಿಚಿತ್ರ. ಕುರ್‌ಆನ್ ಈಸಾರನ್ನು ಮಸೀಹ್ ಎಂದು ಹೆಸರಿಟ್ಟು ಕರೆಯುತ್ತದೆ, ಮೂರನೆಯ ಅಧ್ಯಾಯದ 45ನೆಯ ವಚನದಲ್ಲಿ; ಈ ಪುಸ್ತಕದ ಯೇಸು ತಾನು ಮೆಸ್ಸೀಯನೇ ಅಲ್ಲ ಎನ್ನುತ್ತಾರೆ.